ಚಂಡಿಯಾದ ಮೊಬೈಲು, ಗೆರೆ ಬಿದ್ದ ಟೀವಿ

(ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಗೆ ಬರುವ ಪತ್ತನಾಜೆಯ ಹಿಂದುಮುಂದಿನ ದಿನಗಳಲ್ಲಿ ಕಾಸರಗೋಡಿನ ಗಡಿಯೂರೊಂದರ ವಾಚನಾಲಯದಲ್ಲಿ ಕೊಟ್ಟ ಉಪನ್ಯಾಸ. ಟಿಪ್ಪಣಿಗಳಿಂದ ಬರಹಕ್ಕೆ ಇಳಿಸಿದ್ದು.)

ಅಡಿಕೆಗೆ ಮದ್ದು ಬಿಡುವವರು ಇಲ್ಲಿ ಎಷ್ಟು ಮಂದಿ? ಮುಕ್ಕಾಲು ಪಾಲು ಕೈ ಎತ್ತಿದಿರಿ. ಹಾಗಾದರೆ ನನ್ನ ಕೆಲಸ ಅರ್ಧ ಮುಗಿಯಿತು. 1 ಕಿಲೋ ಮೈಲುತುತ್ತು ಎಂಬ ತಾಮ್ರದ ಉಪ್ಪು, 1 ಕಿಲೋ ಸುಣ್ಣ, 100 ಲೀಟರ್ ನೀರು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತೀರಿ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣದ ತಿಳಿ ಹೊಯ್ಯುತ್ತೀರಿ. ಆ ಕೆಂಪು ತಾಮ್ರ. ನೀರಿನಲ್ಲಿ ಕರಗಿದ್ದದ್ದು ಕಬ್ಬಿಣದ ಮೇಲೆ ಬಂದು ಕೂತಿತು. ಚಂಡಿಯಾದ, ಅಂದರೆ ಒದ್ದೆಯಾದ, ಮೊಬೈಲಿನ ಒಳಗೆ ನಡೆಯುವ ಕೆಲಸ ಇದರದ್ದೇ ನೆಂಟ. ಲೋಹ ಒಂದು ಪಿನ್ನಿನಲ್ಲಿ ಕರಗಿ ಇನ್ನೊಂದು ಪಿನ್ನಿನಲ್ಲಿ ಕೂರುತ್ತದೆ. ಅಲ್ಲಿ ಅದನ್ನು ದೂಡುವುದು ಬ್ಯಾಟರಿ, ಅಷ್ಟೇ ವ್ಯತ್ಯಾಸ.

ನೀರೊಂದೇ ಬಂದು ಹೋದರೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ದೊಡ್ಡ ಕೇಡಿಲ್ಲ. ಕಾರ್ಖಾನೆಯಲ್ಲಿ ಬೆಸುಗೆ ಮುಗಿದ ಮೇಲೆ ಎಷ್ಟೋ ಬೋರ್ಡುಗಳನ್ನು ಶುದ್ಧ ನೀರಿನಲ್ಲಿ ತೊಳೆದೇ ಒಣಗಿಸುತ್ತಾರೆ. ಕೇಡು ಬರುವುದು ಮೂರು ಒಟ್ಟು ಸೇರಿದಾಗ: ನೀರು, ನೀರಿನಲ್ಲಿ ಕರಗಿದ ಉಪ್ಪು, ಅದರೊಳಗೆ ಹರಿಯುವ ಕರೆಂಟು. ಶುದ್ಧ ನೀರಿನಲ್ಲಿ ಕರೆಂಟು ಸುಲಭಕ್ಕೆ ಹರಿಯದು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿಯ ನೀರು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಾಕಷ್ಟು ಮೆದು, ಉಪ್ಪಿನಂಶ ಕಡಿಮೆ. ಕುಂಬಳೆ, ಉಪ್ಪಳ, ಬೇಕಲದ ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬಾವಿಗೆ ಬಿದ್ದ ಫೋನಿಗೂ ಕಡಲಿಗೆ ಬಿದ್ದ ಫೋನಿಗೂ ಗತಿ ಒಂದೇ ಅಲ್ಲ. ಮೊದಲನೆಯದಕ್ಕೆ ಗಂಟೆಗಳ ಅವಕಾಶ ಇದೆ, ಎರಡನೆಯದಕ್ಕೆ ನಿಮಿಷಗಳದ್ದು.

ಫೋನಿನ ಬ್ಯಾಟರಿ ತುಂಬಿದಾಗ ನಾಲ್ಕು ನಾಲ್ಕೂವರೆ ವೋಲ್ಟ್. ಇಷ್ಟರಿಂದ ಏನಾದೀತು ಎಂದು ಕಾಣಬಹುದು. ಆದರೆ ಒಳಗಿನ ಪಿನ್ನುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಒಂದು ಹನಿ ಅಲ್ಲಿ ನಿಂತರೆ ಧನ ಪಿನ್ನಿನಿಂದ ತಾಮ್ರವೋ ತವರವೋ ಕರಗಿ ಋಣ ಪಿನ್ನಿನಲ್ಲಿ ಬೇರಿನ ಹಾಗೆ ಸಪುರ ಎಳೆಗಳಾಗಿ ಬೆಳೆಯುತ್ತದೆ. ಎಳೆ ಆಚೆ ಮುಟ್ಟಿದರೆ ಶಾರ್ಟ್. ಉಪ್ಪು ಹೆಚ್ಚಿದ್ದರೆ ಇದಕ್ಕೆ ಕೆಲವು ನಿಮಿಷ ಸಾಕು. ಮತ್ತೆ ಒಂದು ಮಾತು: ಫೋನನ್ನು ಆಫ್ ಮಾಡಿದರೂ ಬ್ಯಾಟರಿಯ ಕನೆಕ್ಟರಿನಲ್ಲಿ, ಚಾರ್ಜಿಂಗ್ ಚಿಪ್ಪಿನಲ್ಲಿ, ಪವರ್ ಬಟನ್ನಿನ ಗೆರೆಯಲ್ಲಿ ವೋಲ್ಟೇಜು ಇದ್ದೇ ಇರುತ್ತದೆ. ಆಫ್ ಮಾಡುವುದು ಒಳ್ಳೆಯದು, ಆದರೆ ಅದು ಅರ್ಧ ಕೆಲಸ. ಪೂರ್ತಿ ಕೆಲಸವೆಂದರೆ ಹಿಂಬದಿ ತೆಗೆದು ಬ್ಯಾಟರಿಯ ಕನೆಕ್ಟರನ್ನು ಎಬ್ಬಿಸುವುದು.

ಈಗ ಚಂಡಿಯಾದ ಫೋನನ್ನು ಅಕ್ಕಿಯಲ್ಲಿ ಹೂತಿಡುವ ವಿಷಯ. ಯಾರೂ ಕೇಳದೆ ಇರುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಬೆಳ್ತಿಗೆಯೂ ಬೇಡ, ಕುಚ್ಚಿಲೂ ಬೇಡ. ಅಕ್ಕಿಯಲ್ಲೇ ನೂರಕ್ಕೆ 12ರಿಂದ 14 ಪಾಲು ನೀರಿದೆ. ಆಟಿ ತಿಂಗಳ ಮಳೆಯಲ್ಲಿ ಡಬ್ಬಿಯ ಮುಚ್ಚಳ ಸರಿಯಿಲ್ಲದಿದ್ದರೆ ಇನ್ನೂ ಹೆಚ್ಚು. ಅದು ಫೋನಿನಿಂದ ನೀರು ಹೀರುವುದಕ್ಕಿಂತ ಚಾರ್ಜಿಂಗ್ ತೂತಿಗೆ ಹುಡಿ ತುಂಬುವುದೇ ಹೆಚ್ಚು. ಆ್ಯಪಲ್ ಕಂಪೆನಿ 2024ರಲ್ಲಿ ತನ್ನ ಸಹಾಯ ಪುಟದಲ್ಲಿ ಐಫೋನನ್ನು ಅಕ್ಕಿಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಕೇಡು ಮಾಡಬಹುದು ಎಂದೇ ಬರೆಯಿತು. ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಅಕ್ಕಿ ನಿಜವಾಗಿಯೂ ಒಣಗಿಸುತ್ತದೆ ಎಂದೇ ಇಟ್ಟುಕೊಳ್ಳಿ. ಒಣಗಿದರೆ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಉಪ್ಪು, ಸಕ್ಕರೆ, ಕೆಸರು ಬೋರ್ಡಿನ ಮೇಲೆಯೇ ಉಳಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಉಪ್ಪು ಮತ್ತೆ ನೀರು ಹೀರುತ್ತದೆ. ಅಡುಗೆ ಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಬೋರ್ಡಿನ ಮೇಲೂ ಅದೇ. ಮೂರು ದಿನ ಅಕ್ಕಿಯಲ್ಲಿಟ್ಟು ತೆಗೆದ ಫೋನು ಓಡುತ್ತದೆ, ಎಲ್ಲರಿಗೂ ಖುಷಿ, ಎರಡು ವಾರದ ನಂತರ ಒಂದು ಬೆಳಿಗ್ಗೆ ಕಣ್ಣು ಬಿಡುವುದಿಲ್ಲ. ಬಿಚ್ಚಿ ನೋಡಿದರೆ ಹಸುರು, ನೀಲಿ, ಬಿಳಿ ಹುಡಿ. ಹಸುರು ನೀಲಿ ತಾಮ್ರದ್ದು, ಬಿಳಿ ಹೆಚ್ಚಾಗಿ ಬೆಸುಗೆಯ ತವರದ್ದು.

ಹಾಗಾಗಿ ಒಣಗಿಸುವ ಮೊದಲು ತೊಳೆಯಬೇಕು. ಚಂಡಿಯಾದದ್ದನ್ನು ಇನ್ನೊಮ್ಮೆ ಚಂಡಿ ಮಾಡುವುದೇ ಎಂದು ನಗಬಹುದು. ಸರ್ವಿಸಿನಲ್ಲಿ ಪಳಗಿದವರು ಮಾಡುವುದು ಅದನ್ನೇ.

ಮನೆಯಲ್ಲಿ ಮೊದಲ ಹತ್ತು ನಿಮಿಷದಲ್ಲಿ ಆಗಬೇಕಾದದ್ದು ಇಷ್ಟು. ಚಾರ್ಜಿಗೆ ಇಟ್ಟಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ ಆಮೇಲೆ ವಯರು ಎಳೆಯಿರಿ. ಫೋನು ಆಫ್ ಮಾಡಿ. ಓಡುತ್ತದೆಯೋ ನೋಡುವ ಎಂದು ಬಟನ್ ಒತ್ತಬೇಡಿ. ಕವರು, ಸಿಮ್ಮಿನ ಟ್ರೇ ತೆಗೆದು ಬೈರಾಸಿನಲ್ಲಿ ಒರೆಸಿ. ಚಾರ್ಜಿಂಗ್ ತೂತು ಕೆಳಗಾಗುವಂತೆ ಹಿಡಿದು ಅಂಗೈಗೆ ಮೆಲ್ಲ ತಟ್ಟಿ. ಜೋರಾಗಿ ಕೊಡವಿದರೆ ನೀರು ಹೋಗದ ಕಡೆಗೂ ಹೋಗುತ್ತದೆ. ಕೂದಲು ಒಣಗಿಸುವ ಯಂತ್ರವೂ ಅದೇ ಕೆಲಸ ಮಾಡುತ್ತದೆ. ಬಿಸಿಗಾಳಿ ಹನಿಯನ್ನು ಒಳಕ್ಕೆ ದೂಡುತ್ತದೆ, ಸ್ಕ್ರೀನಿನ ಅಂಟನ್ನೂ ಬಿಡಿಸುತ್ತದೆ. ಒಲೆಯ ಮೇಲಿನ ಅಟ್ಟ, ಕೊಬ್ಬರಿ ಒಣಗಿಸುವ ಗೂಡು, ಎರಡೂ ಬೇಡ. ಅಲ್ಲಿ ಬಿಸಿಯ ಜತೆ ಹೊಗೆಯ ಜಿಡ್ಡೂ ಕೂರುತ್ತದೆ. ಟೇಬಲ್ ಫ್ಯಾನಿನ ಗಾಳಿ ಸಾಕು.

ನೀರು ಬರೇ ಚಾರ್ಜಿಂಗ್ ತೂತಿನಲ್ಲಿ ಇದ್ದದ್ದಾದರೆ ಅರ್ಧ ಗಂಟೆಯಿಂದ ಒಂದು ದಿನದ ಒಳಗೆ ಸರಿಯಾಗುತ್ತದೆ. ತೂತಿನಲ್ಲಿ ತೇವ ಇದೆ ಎಂದು ಫೋನೇ ಎಚ್ಚರಿಸುತ್ತಿದ್ದರೆ ಅದನ್ನು ಒತ್ತಿ ಮುಚ್ಚಿ ಚಾರ್ಜು ಮಾಡಬೇಡಿ. ಆ ತೂತಿನ ಪಿನ್ನು ಹಸುರು ತಿರುಗುವುದು ಹಾಗೆಯೇ. ಹತ್ತಿಯ ಕಡ್ಡಿಯನ್ನೂ ತುರುಕಬೇಡಿ, ನೂಲು ಒಳಗೆ ಉಳಿದು ತೇವ ಹಿಡಿಯುತ್ತದೆ.

ಪೂರ್ತಿ ಮುಳುಗಿದ್ದರೆ, ಕಡಲ ನೀರೋ ಚಹಾವೋ ಮದ್ದಿನ ಪಾಕವೋ ಬಿದ್ದಿದ್ದರೆ, ಅದೇ ದಿನ ಬಿಚ್ಚಿಸಬೇಕು. ಅಂಗಡಿಯವನಿಗೆ ಏನು ಬಿದ್ದದ್ದೆಂದು ನಿಜ ಹೇಳಿ. ನಾಚಿಕೆಯಿಂದ ‘ಸುಮ್ಮನೆ ಆಫಾಯಿತು’ ಎಂದರೆ ಅವನು ಮೊದಲು ಚಾರ್ಜಿಗೆ ಹಾಕಿ ನೋಡುತ್ತಾನೆ. ಹಾಗೆ ಹೇಳಿ ಪ್ರಯೋಜನವೂ ಇಲ್ಲ. ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಸಣ್ಣ ಚೀಟಿಯನ್ನು ಕಂಪೆನಿಯವರು ಒಳಗೆ ಅಂಟಿಸಿರುತ್ತಾರೆ. ಬಿಚ್ಚಿದ ಮೇಲೆ ಬ್ಯಾಟರಿ, ಸ್ಕ್ರೀನು, ಕ್ಯಾಮರಾ ಎಲ್ಲ ಬೇರ್ಪಡಿಸಿ ಬೋರ್ಡನ್ನು ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯುವುದು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಅದೇ ನೀರು. ಆಮೇಲೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜುವುದು. ಔಷಧಿ ಅಂಗಡಿಯ 70 ಶೇಕಡಾದ್ದು ಇದಕ್ಕಾಗದು, ಅದರಲ್ಲಿ ಉಳಿದ 30 ಪಾಲು ನೀರೇ. ಚಿಪ್ಪುಗಳ ಮೇಲಿನ ತಗಡಿನ ಮುಚ್ಚಳಗಳನ್ನು ತೆಗೆಯದೆ ತೊಳೆದರೆ ತೊಳೆದ ಹಾಗಾಗುವುದಿಲ್ಲ. ಎರಡು ಗಾಜಿನ ನಡುವೆ ನೀರು ಹಿಡಿದು ನಿಲ್ಲುವ ಹಾಗೆ ಚಿಪ್ಪಿನ ಅಡಿಯಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಕಿವಿಗೆ ಕೇಳದ ಸ್ವರದ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ ಇರುವ ಅಂಗಡಿ ಸಿಕ್ಕಿದರೆ ಒಳ್ಳೆಯದು. ಮತ್ತೆ, ಆಲ್ಕೋಹಾಲಿಗೆ ಬೆಂಕಿ ಹತ್ತುವುದು ಬೇಗ. ದೀಪದ ಹತ್ತಿರ ಈ ಕೆಲಸ ಬೇಡ.

ತೊಳೆದ ಮೇಲೆ ಒಣಗಿಸಲು ನಮ್ಮ ಮಳೆಗಾಲದಲ್ಲಿ ಬಯಲು ಗಾಳಿಯನ್ನು ನಂಬಿ ಫಲವಿಲ್ಲ. ವರ್ಷಕ್ಕೆ 3500 ಮಿಲಿಮೀಟರಿನಷ್ಟು ಮಳೆ ಬರುವ ಜಿಲ್ಲೆ ಇದು. ಜುಲಾಯಿಯಲ್ಲಿ ಗಾಳಿಯ ತೇವ ನೂರಕ್ಕೆ ತೊಂಬತ್ತರ ಹತ್ತಿರ. ಬಟ್ಟೆಯೇ ಮೂರು ದಿನಕ್ಕೆ ಒಣಗದೆ ಬೂಷ್ಟು ವಾಸನೆ ಬರುವಾಗ ಬೋರ್ಡು ಒಣಗುವುದೆಲ್ಲಿಂದ? ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ, ಅದರ ಮೇಲೆ ಬಟ್ಟೆ ಹಾಸಿ ಬೋರ್ಡನ್ನು ಇಡಿ. 100 ಗ್ರಾಂ ಹರಳು ಸುಮಾರು 20 ಗ್ರಾಂ ನೀರು ಹೀರುತ್ತದೆ. ಫೋನಿನಲ್ಲಿ ಉಳಿಯುವುದು ಒಂದೆರಡು ಗ್ರಾಂ, ಹಾಗಾಗಿ ಧಾರಾಳ. ನೀಲಿ ಹರಳು ತೇವ ತುಂಬಿದಾಗ ನಸುಗೆಂಪಾಗುತ್ತದೆ. ನೀಲಿ ಬಣ್ಣ ಕೋಬಾಲ್ಟಿನದ್ದು, ವಿಷ. ಅಡುಗೆಯ ಪಾತ್ರೆಯಲ್ಲಿ ಹುರಿದು ಒಣಗಿಸುವ ಉಪಾಯ ಮಾಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.

‘ನನ್ನದು ಐಪಿ68, ನೀರು ತಾಗಿದರೂ ಏನೂ ಆಗದು’ ಎನ್ನುವವರಿಗೆ ಒಂದು ಮಾತು. ಧೂಳು, ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಆ ಅಂಕೆ ಹೊಸ ಫೋನಿಗೆ, ಸಾದಾ ನೀರಿಗೆ, ಕಂಪೆನಿ ಹೇಳಿದ ಆಳಕ್ಕೆ ಮತ್ತು ಹೊತ್ತಿಗೆ. ಸೋಪಿನ ನೀರು, ಕಡಲ ನೀರು ಅದರ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಬಿದ್ದು ಅಂಚು ನೆಗ್ಗಿದರೆ, ಒಮ್ಮೆ ಬಿಚ್ಚಿ ಸ್ಕ್ರೀನು ಬದಲಿಸಿದರೆ, ಅಂಟು ಮೊದಲಿನ ಹಾಗೆ ಕೂತಿದೆ ಎಂದು ಯಾರೂ ಹೇಳಲಾರರು. ಐಪಿ68 ಫೋನು ಬೀಳದೆ ಬಿಚ್ಚದೆ ಗಟ್ಟಿಯಾಗಿಯೇ ಇದ್ದು ಕಡಲ ನೀರು ತಾಗಿದ್ದರೆ ಹೊರಗಿನಿಂದ ಸಿಹಿ ನೀರಿನಲ್ಲಿ ತೊಳೆದು ಒರೆಸುವುದು ಸರಿ. ಸಾದಾ ಫೋನಿಗೆ ಅದನ್ನು ಮಾಡಬೇಡಿ. ಮದ್ದು ಬಿಡುವಾಗ ಅಂಗಿಯ ಕಿಸೆಯಲ್ಲಿ ಫೋನಿಡುವ ಅಭ್ಯಾಸ ಇದ್ದರೆ ಅದನ್ನಂತೂ ಇವತ್ತೇ ಬಿಡಿ. ಪಾಕ ಮೇಲಿನಿಂದ ತೊಟ್ಟಿಕ್ಕಿ ಸ್ಪೀಕರಿನ ಜಾಲರಿಯಲ್ಲಿ ಗಟ್ಟಿಯಾದರೆ ಸುಣ್ಣ ಮತ್ತು ತಾಮ್ರ ಎರಡೂ ಅಲ್ಲೇ ಕೂರುತ್ತವೆ.

ಲ್ಯಾಪ್‌ಟಾಪಿಗೆ ಬೀಳುವುದು ಹೆಚ್ಚಾಗಿ ಚಹಾ. ಹಾಲು, ಸಕ್ಕರೆ ಎರಡೂ ಅಂಟು. ಚಾರ್ಜರು ತೆಗೆದು ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಫೈಲು ಉಳಿಸುವ ಆಸೆ ಬೇಡ. ಸ್ಕ್ರೀನನ್ನು ಪೂರ್ತಿ ತೆರೆದು ಕೀಬೋರ್ಡು ಕೆಳಗಾಗುವಂತೆ ಮೇಜಿನ ಮೇಲೆ ಗುಡಾರದ ಹಾಗೆ ಕವುಚಿಡಿ. ಅಡಿಯ ಮುಚ್ಚಳ ತೆಗೆಯಲು ಬರುವವರು ಬ್ಯಾಟರಿಯ ಕನೆಕ್ಟರನ್ನು ಕೂಡಲೇ ಬಿಡಿಸಿ. ಲ್ಯಾಪ್‌ಟಾಪಿನಲ್ಲಿ ಎಲ್ಲಕ್ಕಿಂತ ಹೆದರಬೇಕಾದ ಜಾಗ ಸ್ಕ್ರೀನಿಗೆ ಹೋಗುವ ಸಪುರ ಕೇಬಲಿನ ಕನೆಕ್ಟರು. ಅದರಲ್ಲಿ ಸ್ಕ್ರೀನಿನ ಹಿಂಬೆಳಕಿಗೆ ಹೋಗುವ 19 ವೋಲ್ಟಿನಷ್ಟರ ಗೆರೆ ಇದೆ. ಹತ್ತಿರದ ಪಿನ್ನುಗಳಲ್ಲಿ 3.3 ವೋಲ್ಟು ಮತ್ತು ಅದಕ್ಕಿಂತ ಕಡಿಮೆಯ ಸಂಕೇತಗಳು. ಒಂದೇ ಹನಿ ಇವುಗಳ ನಡುವೆ ಸೇತುವೆಯಾದರೆ ಹೆಚ್ಚಿನ ವೋಲ್ಟು ಸಣ್ಣದಕ್ಕೆ ನುಗ್ಗಿ ಸ್ಕ್ರೀನೋ ಪ್ರೊಸೆಸರೋ ಸುಡುತ್ತದೆ. ತೊಳೆದು ಇದಕ್ಕೆ ಪರಿಹಾರವಿಲ್ಲ. ಚಂಡಿಯಾಗಿರುವಾಗ ಆನ್ ಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಟೀವಿಯ ವಿಷಯಕ್ಕೆ ಬರೋಣ. ಟೀವಿಗೆ ನೀರು ಬರುವುದು ಮಾಡಿನಿಂದಲೋ ಗೋಡೆಯಿಂದಲೋ ಎಂದು ನೀವು ತಿಳಿದಿರಬಹುದು. ಗೆರೆ ಬಿದ್ದ ಟೀವಿಗಳಲ್ಲಿ ಬಹಳಷ್ಟಕ್ಕೆ ನೀರು ಹಾಕಿದ್ದು ಮನೆಯವರೇ. ಹಬ್ಬ ಬಂತು, ಚಾವಡಿ ಗುಡಿಸಿ ಒರೆಸಿ ಆಯಿತು, ಟೀವಿಗೂ ಗಾಜು ಒರೆಸುವ ನೀಲಿ ದ್ರವ ಚಿಮುಕಿಸಿ ಒರೆಸಿದರು. ಹಳೆಯ ಡಬ್ಬಿ ಟೀವಿಗೆ ಅದು ನಡೆಯುತ್ತಿತ್ತು, ಅದರ ಮುಖ ದಪ್ಪ ಗಾಜು. ಎಲ್‌ಇಡಿ ಟೀವಿಯ ಮುಖದಲ್ಲಿ ಇರುವುದು ಪೋಲರೈಸರ್ ಎಂಬ ಪ್ಲಾಸ್ಟಿಕ್ ಹಾಳೆ. ಅದರ ಹಿಂದೆ ಎರಡು ತೆಳು ಗಾಜು, ನಡುವೆ ದ್ರವ ಹರಳು. ಅದರ ಹಿಂದೆ ಬೆಳಕನ್ನು ಹರಡುವ ಮೂರು ನಾಲ್ಕು ಹಾಳೆಗಳು, ಕೊನೆಗೆ ಎಲ್‌ಇಡಿ ಪಟ್ಟಿ. ಫುಲ್ ಎಚ್‌ಡಿ ಟೀವಿಯಲ್ಲಿ ಅಡ್ಡಕ್ಕೆ 1920 ಚುಕ್ಕಿ, ಒಂದೊಂದಕ್ಕೂ ಮೂರು ಬಣ್ಣ, ಅಂದರೆ 5760 ಲಂಬ ಗೆರೆಗಳು. ಇಷ್ಟಕ್ಕೂ ಸಂಕೇತ ಹೋಗುವುದು ಹೆಚ್ಚಿನ ಟೀವಿಗಳಲ್ಲಿ ಕೆಳ ಅಂಚಿನಲ್ಲಿ ಗಾಜಿಗೆ ಅಂಟಿಸಿದ ಸಣ್ಣ ಸಣ್ಣ ಫಿಲ್ಮ್ ಪಟ್ಟಿಗಳಿಂದ. ಅಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ. ಚಿಮುಕಿಸಿದ ನೀರು ಎಲ್ಲಿಗೆ ಹೋಗುತ್ತದೆ? ಇಳಿದು ಕೆಳ ಅಂಚಿಗೇ. ಫ್ರೇಮಿಗೂ ಗಾಜಿಗೂ ನಡುವಿನ ಸಂದಿ ಅದನ್ನು ಬತ್ತಿಯ ಹಾಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸಂಜೆ ಸೀರಿಯಲ್ಲಿಗೆ ಆನ್ ಮಾಡುತ್ತೀರಿ, ಬಣ್ಣದ ಗೆರೆಗಳ ಮೆರವಣಿಗೆ.

ಒರೆಸಬೇಕಾದರೆ ಟೀವಿ ಆಫ್ ಆಗಿ ತಣಿದಿರಬೇಕು. ಮೈಕ್ರೋಫೈಬರಿನ ಒಣ ಬಟ್ಟೆ. ಕಲೆ ಹೋಗದಿದ್ದರೆ ಬಟ್ಟೆಯ ಮೂಲೆಗೆ ಒಂದೆರಡು ಹನಿ ಡಿಸ್ಟಿಲ್ಡ್ ನೀರು. ನೀರು ಯಾವತ್ತೂ ಬಟ್ಟೆಗೆ, ಸ್ಕ್ರೀನಿಗೆ ಅಲ್ಲ. ಮೇಲಿನಿಂದ ಕೆಳಗೆ ಒರೆಸುತ್ತಾ ಬಂದು ಕೆಳ ಅಂಚಿಗೆ ಎರಡು ಬೆರಳು ಇರುವಾಗ ನಿಲ್ಲಿಸಿ. ಅಮೋನಿಯ ಇರುವ ದ್ರವ ಪೋಲರೈಸರಿಗೆ ಆಗದು. ಈಗಷ್ಟೇ ಹೊಗಳಿದ ಆಲ್ಕೋಹಾಲ್ ಕೂಡ ಸ್ಕ್ರೀನಿಗೆ ಬೇಡ. ಅಂಚಿನಿಂದ ಹಾಳೆಗಳ ನಡುವೆ ನುಗ್ಗುವುದರಲ್ಲಿ ಅದು ನೀರಿಗಿಂತ ಚುರುಕು.

ನೀರು ಹೋಗಿಯೇ ಹೋಯಿತು ಎಂದಿಟ್ಟುಕೊಳ್ಳಿ. ಪ್ಲಗ್ಗನ್ನೇ ಎಳೆಯಿರಿ, ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಟೀವಿಯನ್ನು ನಿಂತ ಹಾಗೆಯೇ ಬಿಡಿ. ಕವುಚಿ ಹಾಕಿದರೆ, ತಲೆಕೆಳಗು ಮಾಡಿದರೆ ಅಂಚಿನಲ್ಲಿದ್ದ ನೀರು ಹಾಳೆಗಳ ನಡುವೆ ಹರಡುತ್ತದೆ. ಹಿಂಬದಿಯನ್ನು ನೀವಾಗಿ ಬಿಚ್ಚಬೇಡಿ. ಪ್ಲಗ್ ಎಳೆದ ಮೇಲೂ ಪವರ್ ಬೋರ್ಡಿನಲ್ಲಿ ಕರೆಂಟನ್ನು ಹಿಡಿದಿಡುವ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಅಂಗಡಿಗೆ ಒಯ್ಯುವ ಮೊದಲು ಯಾವ ರೋಗ ಎಂದು ನೀವೇ ಅಂದಾಜು ಮಾಡಬಹುದು. ಸ್ವರ ಇದೆ, ಚಿತ್ರ ಇಲ್ಲ ಎಂದಾದರೆ ಕತ್ತಲೆಯಲ್ಲಿ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಹೋದದ್ದು ಹಿಂಬೆಳಕು. ಎಲ್‌ಇಡಿ ಪಟ್ಟಿ ಬದಲಿಸಿದರೆ ಆಗುತ್ತದೆ, ಖರ್ಚು ಕಡಿಮೆ. ಮೋಡದ ಹಾಗೆ ಬಿಳಿ ಕಲೆಯಾದರೆ ಹರಡುವ ಹಾಳೆಗಳ ನಡುವೆ ನೀರು ಕೂತಿದೆ. ಒತ್ತಿ ಹೊರಹಾಕಲು ಹೋಗಬೇಡಿ, ಗಾಜು ಒಡೆಯುತ್ತದೆ. ಅನುಭವಿಗಳು ಹಾಳೆಗಳನ್ನು ಬಿಡಿಸಿ ಒರೆಸಿ ಕೂರಿಸುತ್ತಾರೆ, ಕೆಲವೊಮ್ಮೆ ಕಲೆ ಸ್ವಲ್ಪ ಉಳಿಯುತ್ತದೆ. ಲಂಬ ಗೆರೆಗಳಾದರೆ ಕೆಳ ಅಂಚಿನ ಫಿಲ್ಮ್ ಪಟ್ಟಿಗಳ ಕಡೆಯ ತೊಂದರೆ. ಆನ್ ಮಾಡದೆ ತಂದಿದ್ದರೆ ತೊಳೆದು ಉಳಿಸುವ ಅವಕಾಶ ಇದೆ. ಗೆರೆ ಬಂದ ಮೇಲೂ ‘ಸರಿಯಾದೀತು’ ಎಂದು ನಾಲ್ಕು ದಿನ ಓಡಿಸಿದರೆ ಪಟ್ಟಿಯೊಳಗಿನ ಗೆರೆಗಳೇ ತಿಂದುಹೋಗುತ್ತವೆ. ಆಮೇಲೆ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜಿನ ಇಡೀ ಭಾಗವನ್ನೇ, ಬದಲಿಸಬೇಕು, ಅದರ ಬೆಲೆ ಹೊಸ ಟೀವಿಯ ಬೆಲೆಯ ಹತ್ತಿರಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಬೋರ್ಡೋ, ಪ್ಯಾನೆಲೋ?

ಹಿಂಬೆಳಕಿಲ್ಲದೆ ತಾನೇ ಬೆಳಗುವ ಒಎಲ್‌ಇಡಿ ಸ್ಕ್ರೀನು ಬೇರೆಯೇ ಜಾತಿ. ಬಹಳಷ್ಟು ದುಬಾರಿ ಟೀವಿಗಳಲ್ಲೂ ಮೊಬೈಲುಗಳಲ್ಲೂ ಈಗ ಅದೇ. ಅದರಲ್ಲಿ ಬೆಳಕು ಕೊಡುವ ಪದರಕ್ಕೆ ನೀರಿನ ಆವಿ ತಾಗಿದರೂ ಸಾಕು, ಕಪ್ಪು ಚುಕ್ಕಿ ಬಿದ್ದು ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ತೊಳೆಯುವುದೂ ಇಲ್ಲ, ಒಣಗಿಸುವುದೂ ಇಲ್ಲ. ಹಾಗಾಗಿ ಮೊಬೈಲಿನ ಗಾಜು ಒಡೆದದ್ದು ಬರೇ ಮೇಲೆ ಎಂದು ಕಂಡರೂ ಮಳೆಗಾಲ ಶುರುವಾಗುವ ಮೊದಲು ಬದಲಿಸಿಬಿಡುವುದು ಲೇಸು.

ಏನೂ ಚೆಲ್ಲದೆಯೂ ಟೀವಿ ಚಂಡಿಯಾಗುತ್ತದೆ. ನಮ್ಮ ಮುರಕಲ್ಲಿನ ಗೋಡೆಗೆ ಪಡುವಣ ಎರಚಲು ಹೊಡೆದರೆ ಒಳಬದಿಯೂ ತೇವ ಬಿಡುತ್ತದೆ. ಅಂಥ ಗೋಡೆಗೆ ಟೀವಿಯನ್ನು ಒತ್ತಿ ನೇತುಹಾಕಬೇಡಿ. ಒಳಗೋಡೆ ಸಿಕ್ಕದಿದ್ದರೆ ನಾಲ್ಕು ಬೆರಳಿನಷ್ಟಾದರೂ ಅಂತರ ಬಿಡಿ. ದಿನಕ್ಕೆ ಒಂದು ಗಂಟೆ ಓಡಿಸಿ ಎಂದು ಹಳೆಯ ಮೆಕ್ಯಾನಿಕ್ಕುಗಳು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. 25 ಡಿಗ್ರಿಯಲ್ಲಿ ನೂರಕ್ಕೆ 90 ತೇವ ಇರುವ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಗಾಳಿಯ ತೇವ 50ರ ಹತ್ತಿರಕ್ಕೆ ಇಳಿಯುತ್ತದೆ. ಓಡುವ ಟೀವಿಯ ಒಳಗೆ ಆಗುವುದು ಇದು. ಆ ಬೆಚ್ಚಗೆಗೆ ಹಲ್ಲಿ, ಇರುವೆಗಳೂ ಬರುತ್ತವೆ, ಅದು ಇನ್ನೊಂದು ದಿನದ ಉಪನ್ಯಾಸ.

ಡಿಶ್ ಕೇಬಲನ್ನು ಮರೆಯುವುದು ಬೇಡ. ಅದರಲ್ಲಿ ಬರೇ ಸಿಗ್ನಲ್ ಇರುವುದಲ್ಲ. ಡಿಶ್ಶಿನ ತಲೆಗೆ ಸೆಟ್‌ಟಾಪ್ ಪೆಟ್ಟಿಗೆಯಿಂದ 13 ಅಥವಾ 18 ವೋಲ್ಟ್ ಡಿಸಿ ಹೋಗುತ್ತಿರುತ್ತದೆ. ಮಾಡಿನ ಮೇಲಿನ ಕನೆಕ್ಟರಿಗೆ ನೀರು ಹೋದರೆ ನಡುವಿನ ತಂತಿ ಮೊದಲು ಹೇಳಿದ ಧನ ಪಿನ್ನಿನ ಲೆಕ್ಕದಲ್ಲೇ ಕರಗುತ್ತದೆ. ಮಾತ್ರವಲ್ಲ, ಜಾಲರಿ ತಂತಿಯ ಒಳಗೆ ನೀರು ಕೇಬಲ್ ಉದ್ದಕ್ಕೂ ಇಳಿದು ಪೆಟ್ಟಿಗೆಯ ಬೆನ್ನಿಗೆ ಬರುತ್ತದೆ. ಕನೆಕ್ಟರಿಗೆ ರಬ್ಬರಿನ ಟೇಪನ್ನು ಎಳೆದೆಳೆದು ಸುತ್ತಿಸಿ. ಕೇಬಲ್ ಮನೆಯೊಳಗೆ ಬರುವ ತೂತಿನ ಹೊರಗೆ ಒಂದು ಗೇಣು ಜೋಲು ಬಿಡಿ. ಹೊರಮೈಯ ನೀರು ಜೋಲಿನ ತುದಿಯಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ.

ಇನ್ನು ನೆರೆ. ಮಧುವಾಹಿನಿ ಹೊಳೆ ಉಕ್ಕಿ ಮಧೂರು ದೇವಸ್ಥಾನದ ಒಳಗೆ ನೀರು ಬರುವುದನ್ನು ನೀವೆಲ್ಲ ಕಂಡವರು. ಹೊಳೆಬದಿಯ ಮನೆಯವರು ನೀರು ಸಾಕೆಟ್ಟಿನ ಮಟ್ಟಕ್ಕೆ ಬರುವ ಮೊದಲೇ ಮೈನ್ ಸ್ವಿಚ್ ಆಫ್ ಮಾಡಬೇಕು. ನೀರಲ್ಲಿ ನಿಂತು ಮೈನಿಗೆ ಕೈ ಹಾಕಬೇಡಿ, ಕರೆಂಟಿನ ಸೆಕ್ಷನ್ ಆಫೀಸಿಗೋ 1912ಕ್ಕೋ ಫೋನು ಮಾಡಿ ಲೈನ್ ಆಫ್ ಮಾಡಿಸಿ. ನೀರು ಇಳಿದ ಮೇಲೆ ಕೆಸರು ಒಣಗುವ ಮೊದಲೇ ಸಿಹಿ ನೀರಿನಲ್ಲಿ ಮೆಲ್ಲನೆ ತೊಳೆಯಿರಿ. ಮಿಕ್ಸಿ, ಗ್ರೈಂಡರು, ಪಂಪು ಉಳಿಯುತ್ತವೆ. ಮೋಟರನ್ನು ಚೆನ್ನಾಗಿ ಒಣಗಿಸಿ ಕರೆಂಟು ಮೈಗೆ ಸೋರುತ್ತದೆಯೋ ಎಂದು ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ನೋಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಇನ್ನೂ ಒಣಗಿಲ್ಲ, ಪ್ಲಗ್ಗಿಗೆ ಹಾಕಬೇಡಿ. ಫ್ರಿಜ್ಜಿನ ಕಂಪ್ರೆಸರ್ ಬೆಸೆದು ಮುಚ್ಚಿದ್ದು, ನೀರು ಹೋಗದು. ಅದರ ರಿಲೇ, ಬೋರ್ಡು ಬದಲಿಸಬೇಕಾದೀತು. ಗೋಡೆಯೊಳಗಿನ ಫೋಮ್ ನೆನೆದಿದ್ದರೆ ಮಾತ್ರ ಆಸೆ ಬಿಡಿ. ಮುಳುಗಿದ ಎಲ್‌ಇಡಿ ಟೀವಿಗೆ ಖರ್ಚು ಮಾಡಲು ಹೋಗಬೇಡಿ.

ಮುಳುಗಿದ ಲಿಥಿಯಂ ಬ್ಯಾಟರಿಯನ್ನು, ಫೋನಿನದ್ದಾಗಲಿ ಕರೆಂಟು ಸ್ಕೂಟರಿನದ್ದಾಗಲಿ, ತೊಳೆದು ಒಣಗಿಸಿ ಮತ್ತೆ ಚಾರ್ಜು ಮಾಡುವ ಪ್ರಶ್ನೆಯೇ ಇಲ್ಲ. ಉಪ್ಪುನೀರು ತಾಗಿದ ಬ್ಯಾಟರಿ ದಿನಗಳು ಕಳೆದ ಮೇಲೂ ಹೊತ್ತಿಕೊಳ್ಳಬಹುದು. ಉಬ್ಬಿದ್ದನ್ನು ಚುಚ್ಚಬೇಡಿ. ಸಣ್ಣದಾದರೆ ಮನೆಯಿಂದ ಹೊರಗೆ, ಮಾಡಿನ ನೆರಳಲ್ಲಿ, ಒಣ ಹೊಯ್ಗೆ ತುಂಬಿದ ಮಣ್ಣಿನ ಚಟ್ಟಿಯಲ್ಲಿಟ್ಟು ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ. ಸ್ಕೂಟರಾದರೆ ಗೋಡೆಯಿಂದಲೂ ಬೈಹುಲ್ಲಿನ ರಾಶಿಯಿಂದಲೂ ದೂರ, ಅಂಗಳದ ಮಧ್ಯೆ ನಿಲ್ಲಿಸಿ ಕಂಪೆನಿಯವರನ್ನು ಕರೆಯಿರಿ.